ಆ ಮಗುವನ್ನು ಇನ್ನೊಮ್ಮೆ ಕೇಳಬೇಡಿ

ಅಪರಾಧಿಯ ಮನೆಯ ಸ್ಥಿತಿಗತಿ ವರದಿ ಬರೆಯಬೇಕಾದ ಮಾನ್ಯ ಅಧಿಕಾರಿಗಳೇ,

ನನ್ನ ತಂಗಿ ವಿದ್ಯಾವತಿಯನ್ನು ಬಸವಕಲ್ಯಾಣದ ಮನೆಯಲ್ಲಿ ಕೊಂದವನು ಅವಳ ಗಂಡನೇ ಎಂದು ನ್ಯಾಯಾಲಯ ತೀರ್ಪು ಕೊಟ್ಟು ಏಳು ತಿಂಗಳಾಯಿತು. ಶಿಕ್ಷೆ ಏನೆಂದು ಇಂದಿಗೂ ಹೇಳಿಲ್ಲ. ನಿಮ್ಮ ವರದಿ ಬಂದಿಲ್ಲವಂತೆ.

ಶಿಕ್ಷೆ ಬರೆಯುವ ಮುನ್ನ ಅಪರಾಧಿಯ ಮಾತನ್ನೂ ಕೇಳಬೇಕು, ಜೈಲಿನ ನಡತೆ, ಅವನನ್ನೇ ನಂಬಿಕೊಂಡವರ ಪಾಡು ಎಲ್ಲವನ್ನೂ ನೋಡಬೇಕು ಎಂದು ಸರ್ಕಾರಿ ವಕೀಲರು ತಿಳಿಸಿ ಹೇಳಿದ್ದಾರೆ. ಒಪ್ಪಿದೆ. ಗಲ್ಲಿಗೂ ಹೋಗಬಹುದಾದ ಮನುಷ್ಯನ ವಿಚಾರದಲ್ಲಿ ಅವಸರ ಮಾಡಿ ಎಂದು ನಾನು ಕೇಳುವುದಿಲ್ಲ. ಆದರೆ ಅವನನ್ನು ನಂಬಿಕೊಂಡವರು ಯಾರು? 'ಒಬ್ಬಳೇ ಮಗಳು' ಎಂದು ಬರೆದುಕೊಟ್ಟಿದ್ದಾನೆ. ಆ ಮಗಳೇ ಶೀತಲ್, ಒಂಬತ್ತು ವರ್ಷದವಳು. ತಾಯಿ ಸಾಯುವುದನ್ನು ಕಣ್ಣಾರೆ ಕಂಡು ಅಪ್ಪನ ವಿರುದ್ಧ ಸಾಕ್ಷಿ ಹೇಳಿದವಳು, ಈಗ ಹುಮನಾಬಾದಿನಲ್ಲಿ ನನ್ನ ಜೊತೆ ಇರುವವಳು. ಮಗುವನ್ನು ತಬ್ಬಲಿ ಮಾಡಿದವನಿಗೆ ಆ ತಬ್ಬಲಿಯ ಹೆಸರಿನಲ್ಲೇ ರಿಯಾಯಿತಿ! ಓದಿ ನಿಮಗೇನೂ ಅನಿಸಲಿಲ್ಲವೇ?

ನಿಮ್ಮ ಕಚೇರಿಯವರು ಮೂರು ಸಲ ಬಂದರು. ಮೊದಲ ಸಲ ನನ್ನ ಸಹಿ ಹಾಕಿಸಿಕೊಳ್ಳುವುದನ್ನೇ ಮರೆತರಂತೆ. ಎರಡನೆಯ ಸಲ ಮಗುವಿನ ಊರನ್ನು ಬಸವಕಲ್ಯಾಣ ಎಂದು ಬರೆದದ್ದರಿಂದ ಕಡತ ವಾಪಸಾಯಿತು. ಮೂರನೆಯ ಸಲ ಬಂದವರು ಹೊಸಬರು, ಹಳೆಯದೇನೂ ಗೊತ್ತಿಲ್ಲ. ಪ್ರಶ್ನೆ ಮಾತ್ರ ಅದೇ: "ನಿಮ್ಮಪ್ಪ ಮನಿಗಿ ಬರಬೇಕಂತ ಅನಸ್ತದೇನವ್ವಾ?"

ಎರಡು ಸಲ 'ಬ್ಯಾಡ' ಎಂದಿದ್ದವಳು ಈ ಸಲ ಫ್ರಾಕಿನ ಅಂಚು ಕಚ್ಚಿಕೊಂಡು ಕೂತಳು.

"ಸಾಹೇಬ್ರ, ಬಿಡ್ರಿ, ಎರಡ್ ಸಲ ಹೇಳ್ಯಾಳ್ರಿ" ಎಂದೆ.

"ನಮ್ ಕೆಲಸ ನಾವು ಮಾಡಾಕತ್ತೇವ್ರಿ."

ಮಾಡಿ, ಮಾನ್ಯರೇ. ಒಂದು ಸಲ ನೆಟ್ಟಗೆ ಮಾಡಿದ್ದರೆ ಸಾಕಿತ್ತು.

ಮೊನ್ನೆ ತಾರೀಖು ಮತ್ತೆ ಮುಂದಕ್ಕೆ ಹೋಯಿತು. ರೊಟ್ಟಿ ತಟ್ಟುತ್ತಿದ್ದ ನನ್ನ ಪಕ್ಕಕ್ಕೆ ಶೀತಲ್ ಬಂದು ಕೂತು ಕೇಳಿದಳು: "ದೊಡ್ಡವ್ವಾ, ಅಪ್ಪಗ ಬಿಟ್ಟಬಿಡ್ರಿ ಅಂದ್ರ ಆ ಸಾಹೇಬ್ರು ಮತ್ತ ಬರಂಗಿಲ್ಲಲ್ಲಾ?"

ಇದನ್ನು ನಿಮ್ಮ ವರದಿಯಲ್ಲಿ ಏನೆಂದು ಬರೆಯುತ್ತೀರಿ? ಮಗಳು ಕ್ಷಮಿಸಿದ್ದಾಳೆ ಎಂದೇ? ನನಗೆ ಹೆದರಿಕೆಯಾಗುತ್ತಿದೆ. ನಾಲ್ಕನೆಯ ಸಲ ನೀವು ಬಂದರೆ ಅವಳು ಹೂಂ ಎಂದುಬಿಡುತ್ತಾಳೆ. ನೀವು ಬರೆದುಕೊಂಡು ಹೋಗುತ್ತೀರಿ. ಆ ಒಂದು ಹೂಂ ಹೊತ್ತುಕೊಂಡು ಜೀವನಪೂರ್ತಿ ಬದುಕಬೇಕಾದವಳು ಅವಳು.

ಅವಳು ಹೇಳಿದ್ದು ನಿಮ್ಮ ಕಡತದಲ್ಲೇ ಇದೆ. ಊರಿನ ಹೆಸರು ತಿದ್ದಿ, ಮುಂದಿನ ತಾರೀಖಿನೊಳಗೆ ಅದನ್ನು ನ್ಯಾಯಾಧೀಶರಿಗೆ ಕಳಿಸಿ. ಸಾಲದಿದ್ದರೆ ನನ್ನನ್ನು ಕರೆಸಿ, ದಿನವಿಡೀ ಕೂರಿಸಿ ಕೇಳಿ. ನಮ್ಮ ಮನೆಗೆ ಮಾತ್ರ ಬರಬೇಡಿ. ಬಂದರೆ ಬಾಗಿಲು ತೆಗೆಯುವುದಿಲ್ಲ. ಅದಕ್ಕಾಗಿ ನನ್ನ ಮೇಲೆ ಕೇಸು ಹಾಕುವುದಿದ್ದರೆ ಹಾಕಿ. ಅದರ ಶಿಕ್ಷೆಯಾದರೂ ಬೇಗ ಆದೀತು.

ಇಂತಿ,
ನಿಮ್ಮ ಕಡತದಲ್ಲಿ 'ಇತರೆ ಸಂಬಂಧಿಕರು' ಎಂದಷ್ಟೇ ಇರುವ
ರತ್ನಮಾಲಾ, ಹುಮನಾಬಾದ್