ಪದದ ನಡುವಿನ ಉಸಿರು

ಜನವರಿ ೨೧, ಬುಧವಾರ. ಕಾರವಾರ.

ಇಂದು ಒಂದು ಪದದ ನಡುವೆ ಉಸಿರು ತೆಗೆದುಕೊಂಡೆ. ಬೆಳಗಿನಿಂದ ಅದೊಂದೇ ಕೊರೆಯುತ್ತಿದೆ.

ಕಾಯರ್‌ನ ವೃಂದಗಾನದಲ್ಲಿ ಹನ್ನೊಂದು ವರ್ಷ ಸೊಪ್ರಾನೊ, ಅಂದರೆ ಎಲ್ಲಕ್ಕಿಂತ ಮೇಲಿನ ದನಿ, ಹಾಡಿದವಳ ಚಾಳಿ ಅದು. ಉದ್ದದ ಸಾಲಿನಲ್ಲಿ ಒಬ್ಬೊಬ್ಬರೂ ಒಂದೊಂದು ಕಡೆ ಉಸಿರು ಕದಿಯುತ್ತೇವೆ. ಪಕ್ಕದವಳು ಹಾಡುತ್ತಿರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಭಾನುವಾರ ಮಡಗಾಂವಿನಲ್ಲಿ ಮೊದಲ ಸಲ ಒಬ್ಬಳೇ ಹಾಡಬೇಕು. ಇಂದಿನ ತಾಲೀಮಿನಲ್ಲಿ ಪಕ್ಕದಲ್ಲಿ ಯಾರೂ ಇರಲಿಲ್ಲ, ಪದ ಎರಡು ತುಂಡಾಯಿತು.

"ಶುಕ್ರವಾರದ ತಾಲೀಮಿನಲ್ಲೂ ಹೀಗೇ ಆದರೆ ನಿನ್ನ ಬದಲು ಅಮಿತಾ ಹಾಡಲಿ" ಎಂದರು ಕಾಯರ್ ನಡೆಸುವ ಸರ್, ಮೆಲ್ಲಗೆ. ಗದರಿದ್ದರೆ ವಾಸಿಯಿತ್ತು.

ಮನೆಗೆ ಬರದೆ ಹಟ್ಟಿಕೇರಿಗೆ, ಅಜ್ಜಿಯ ಹತ್ತಿರ ಹೋದೆ. ಅವಳು ನೆಟ್ಟಿ ಗದ್ದೆಯಲ್ಲಿ ಭತ್ತದ ಸಸಿ ನೆಡುತ್ತ ಹಾಡಿದವಳು.

"ಗದ್ದೇಲಿ ಹಾಡ್ವಾಗ ನಿಂಗೆ ಉಸಿರು ಸಾಲ್ತಿತ್ತಾ? ನಾವು ನಡುನಡುವೆ ಕದೀತೇವೆ."

"ಎಲ್ಲಿ ಸಾಲ್ತದ್ಯೇ? ಆಚೆ ಸಾಲಿನೋರು ಎತ್ಕಂತಿದ್ರು."

"ಒಬ್ಳೇ ಹಾಡ್ವಾಗ?"

"ಒಬ್ಳೇ ಹಾಡಿ ನಿನ್ನಪ್ಪನ್ನ ತೊಟ್ಲಲ್ಲಿ ಮಲಗಿಸ್ನಿಲ್ವ? ನಾ ಉಸಿರು ತಗಳೂಕೆ ನಿಂತ್ರೆ ಕಣ್ಣು ಬಿಟ್ಟು ನೋಡ್ತಿದ್ದ. ನೋಡ್ಲಿ ಅಂತ ಪೂರಾ ಉಸಿರು ತಗಂಡೇ ಮುಂದಿಂದು ಹೇಳ್ತಿದ್ದೆ. ಕದಿಯೂಕೆ ಅದೇನು ಪಕ್ಕದ್ಮನೆ ಮಾವಿನಕಾಯ್ಯೇ?"

ನಕ್ಕುಬಿಟ್ಟೆ.

ರಾತ್ರಿ ಮನೆಗೆ ಬಂದ ಮೇಲೆ, ಮಲಗುವ ಮುಂಚೆ ದಿನಾ ಓದುತ್ತಿದ್ದ ಹಂಗೇರಿಯ ಕಾದಂಬರಿಯ ಅನುವಾದವನ್ನು ತೆರೆಯಲಿಲ್ಲ. ಸ್ವರದ ಹಾಳೆ ತೆಗೆದು, ಆ ಪದಕ್ಕೂ ಮೊದಲೇ ಪೆನ್ಸಿಲಿನಿಂದ ಉಸಿರಿನ ಗುರುತು ಹಾಕಿದೆ, ದೊಡ್ಡದಾಗಿ. ಪಕ್ಕದ ಕೋಣೆಯಲ್ಲಿ ಅಪ್ಪ ನಿದ್ದೆ ಮಾಡುತ್ತಿದ್ದಾನೆ, ಬೆಳಿಗ್ಗೆ ಕೆಲಸಕ್ಕೆ ಕೈಗಾ ಬಸ್ಸು ಹಿಡಿಯಬೇಕು. ಪಿಸುದನಿಯಲ್ಲಿ ಹಾಡಿದೆ. ಗುರುತು ಬಂದಲ್ಲಿ ನಿಂತೆ. ಅಜ್ಜಿ ಹೇಳಿದ ಆ ತೊಟ್ಟಿಲೊಳಗಿಂದ ಎರಡು ಪುಟ್ಟ ಕಣ್ಣು ನನ್ನನ್ನೇ ನೋಡುತ್ತಿದ್ದವು, ಮುಂದೇನು ಎಂಬಂತೆ. ಅವಸರವಾಗಲಿಲ್ಲ. ಹೊಟ್ಟೆ ತುಂಬ ಉಸಿರು ತೆಗೆದುಕೊಂಡೆ, ಆಮೇಲೆ ಆ ಪದ ಬಂತು, ಇಡಿಯಾಗಿ.