ಅಸಲಿ ಕಂಟ್ರಿ

ಅಪ್ಪಾ, ಕಳಿಸಲು ವಿಳಾಸವಿಲ್ಲದಿದ್ದರೂ ಈ ಫೋನಿನಲ್ಲಿ ಮಾತು ಮುದ್ರಿಸುತ್ತಿದ್ದೇನೆ. ಇವತ್ತು ನಿನ್ನನ್ನು ಮಣ್ಣು ಮಾಡಿ ಬಂದೆವು. ಗುಂಡಿಯ ಹತ್ತಿರ ಅಸಲಿ ಕಂಟ್ರಿ ಹಾಡೇ, ನಮ್ಮ ಹಳ್ಳಿಗಾಡಿನವರ ಹಾಡೇ ಬೇಕು ಅಂದಿದ್ದೆಯಲ್ಲ, ಅದಕ್ಕೇ ಜಗಳವಾಯಿತು. ನೀನು ದುಡಿದ ಕಲ್ಲಿದ್ದಲು ಗಣಿಯ ಬಗ್ಗೆ ನಾನು ಕಟ್ಟಿದ ಹಾಡಿಗೆಂದು ಗಿಟಾರ್ ಎತ್ತಿಕೊಂಡೆ.

“ಅದು ನ್ಯಾಶ್‌ವಿಲ್ ಪೇಟೇಲಿ ರೇಡಿಯೋಗೆ ಮಾಡೋ ಸರಕು ಕಣೋ, ನಮ್ಮ ಕೆಂಟಕಿ ಗುಡ್ಡದ್ದಲ್ಲ. ಪಿಟೀಲಿಲ್ದೆ ಎಂಥಾ ಕಂಟ್ರಿ?” ಅಂದ ನಿನ್ನಂತೆ ಗಣಿಗಿಳಿದ ವರ್ನನ್ ಅಣ್ಣ.

“ಪಿಟೀಲು ರೇಡಿಯೋದವ್ರ ಹಾಡಲ್ಲೂ ಇರುತ್ತಣ್ಣ. ಅಸಲಿ ಅಂದ್ರೆ ಗಣಿಗಿಳಿದವ್ರ ಕಷ್ಟ ಇರ್ಬೇಕು.”

“ನೀನ್ಯಾವತ್ತು ಗಣಿಗಿಳಿದಿದ್ಯೋ, ದೊರೆ?”

ನಾನು ಗಿಟಾರ್ ಕೆಳಗಿಟ್ಟೆ. ಪಾದ್ರಿ ಕಾದು ಕಾದು ಪ್ರಾರ್ಥನೆ ಮುಗಿಸಿದರು. ಹಾಡಿಲ್ಲದೆಯೇ ನಿನ್ನನ್ನು ಇಳಿಸಿದೆವು.

ಆ ಹಾಡನ್ನು ಅಡುಗೆಮನೆಯಲ್ಲಿ ನಿನ್ನೆದುರು ಒಮ್ಮೆ ಹಾಡಿದ್ದೆ. ಕೇಳಿ ಮುಗಿದ ಮೇಲೆ ನೀನು ಎದ್ದು ಕಾಫಿ ಕಾಸಿದೆ. ಅದು ಹಾಡು ಅಸಲಿ ಹೌದಂತಲೋ, ಅಲ್ಲಂತಲೋ, ಅಪ್ಪಾ?