ಟೋರುನ್ ಅಕ್ಕನ ಸ್ಕೀ ಹಾದಿಯಲ್ಲಿ ನಾನು ಬಿದ್ದದ್ದು

ಪ್ರೀತಿಯ ಟೋರುನ್ ಅಕ್ಕನಿಗೆ,

ನಿಮ್ಮ ಅಡುಗೆಮನೆಯಲ್ಲಿ ನಾಲ್ಕು ವರ್ಷದಿಂದ ಓಡಾಡುತ್ತಿರುವ ಓಡ್ನಿಯ ನಮಸ್ಕಾರಗಳು. ನೀವು ನನ್ನನ್ನು ನೋಡಿಲ್ಲ. ನೀವು ತೀರಿಕೊಂಡ ಮೇಲೆ ಹಾಲ್ವರ್‌ನ ಕೈ ಹಿಡಿದು ನಿಮ್ಮ ಊರಿನ ಮನೆಗೆ ಬಂದವಳು ನಾನು. ಈಗ ನಿಮ್ಮ ಬೆಟ್ಟದ ಮನೆಯಲ್ಲಿ, ಕಿಟಕಿ ಪಕ್ಕದ ಬೆಂಚಿನ ಮೇಲೆ, ಮೈಕೈ ನೋವಿನಿಂದ ಏಳಲಾರದೆ ಕೂತಿದ್ದೇನೆ. ಅಪ್ಪ ಮಗಳು ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ಹೊರಗೆ ಹೋಗಿದ್ದಾರೆ. ನಾನು ಇಲ್ಲಿಯವರೆಗೆ ಹೇಗೆ ಬಂದೆ ಎಂಬುದನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ನಾನು ಪಶ್ಚಿಮದ ಕಡಲ ದ್ವೀಪದವಳು. ನಮ್ಮಲ್ಲಿ ಚಳಿಗಾಲವೆಂದರೆ ಗಾಳಿ, ಮಳೆ, ನೆಂದ ಕುರಿ. ಬೆಳಿಗ್ಗೆ ಬಿದ್ದ ಹಿಮ ಮಧ್ಯಾಹ್ನಕ್ಕೆ ಚರಂಡಿ ಸೇರಿರುತ್ತದೆ. ನಾರ್ವೆಯವರೆಲ್ಲ ಸ್ಕೀ ತೊಟ್ಟುಕೊಂಡೇ ಹುಟ್ಟುತ್ತಾರೆ ಎನ್ನುವವರು ನಮ್ಮ ಕಡೆ ಕಾಲಿಟ್ಟವರಲ್ಲ. ದೋಣಿ ಕೊಡಿ, ಬಿರುಗಾಳಿಯಲ್ಲೂ ದಡ ಮುಟ್ಟಿಸುತ್ತೇನೆ. ನಿಮ್ಮೂರಿನಲ್ಲಿ ಆ ವಿದ್ಯೆಯನ್ನು ಕೇಳುವವರಾದರೂ ಯಾರು? ಅಂಚೆಯವಳು, ಪಾದ್ರಿ, ಹಲ್ಲಿನ ಡಾಕ್ಟರು, ಎಲ್ಲರೂ ಭಾನುವಾರ ಶಾಲೆಯ ಹಿಂದಿನ ಕಾಡಿನ ಸ್ಕೀ ಹಾದಿಯಲ್ಲೇ ಸಿಗುತ್ತಾರೆ. ಬಂದ ಹೊಸತರಲ್ಲಿ ನಾನು ಅರಿಯದೆ ಬೂಟು ಹಾಕಿಕೊಂಡು, ಸ್ಕೀಗೆಂದೇ ಕೊರೆದ ಆ ಜಾಡನ್ನು ತುಳಿದು ಕೆಡಿಸುತ್ತಾ ನಡೆದುಬಿಟ್ಟಿದ್ದೆ. ಜನ ನನ್ನನ್ನು ನೋಡಿದ ರೀತಿ ಕಂಡಿದ್ದರೆ, ನಾನೇನು ಚರ್ಚಿನೊಳಗೆ ಒಳಬಟ್ಟೆ ಒಣಹಾಕಿದೆನೋ ಎಂದುಕೊಳ್ಳುತ್ತಿದ್ದಿರಿ.

ಈ ಬೆಟ್ಟದ ಮನೆಗೆ ಹಿಮಗಾಲದಲ್ಲಿ ರಸ್ತೆ ಇಲ್ಲವಲ್ಲ, ಸ್ಕೀಯಲ್ಲೇ ಬರಬೇಕು. ಹಾಗಾಗಿ ಪ್ರತಿ ಈಸ್ಟರ್‌ಗೂ ಹಾಲ್ವರ್ ಮತ್ತು ಸಿಗ್ನೆ ಇಬ್ಬರೇ ಹೊರಡುತ್ತಿದ್ದರು. ನಾನು ಬೆಕ್ಕಿನ ಜೊತೆ ಊರಲ್ಲಿ ಉಳಿಯುತ್ತಿದ್ದೆ. ಸಿಗ್ನೆಗೂ ಅದೇ ಬೇಕಿತ್ತು ಎಂದು ನನಗೆ ಗೊತ್ತಿತ್ತು. ನಿಮ್ಮ ಮಗಳು ಕೆಟ್ಟವಳಲ್ಲ ಅಕ್ಕ, ಊಟಕ್ಕೆ ಬಂದರೆ ತಟ್ಟೆ ತೊಳೆದಿಟ್ಟೇ ಹೋಗುತ್ತಾಳೆ. ಆದರೆ ನನ್ನನ್ನು ಏನೆಂದೂ ಕರೆದವಳಲ್ಲ. ಉಪ್ಪು ಕೇಳುವಾಗಲೂ ಉಪ್ಪಿನ ಡಬ್ಬಿಯನ್ನೇ ನೋಡಿ ಕೇಳುತ್ತಿದ್ದಳು.

ಈ ವರ್ಷ ಹಾಲ್ವರ್ ಹಟ ಹಿಡಿದ. "ಓಡ್ನಿ ಬರದಿದ್ರೆ ನಾನೂ ಬೆಟ್ಟಕ್ಕೆ ಹೋಗಲ್ಲ" ಎಂದು ಮಗಳ ಮುಂದೆ ಘೋಷಿಸಿಯೇಬಿಟ್ಟ. ತಾನೇ ಕಲಿಸುತ್ತೇನೆಂದು ನನ್ನನ್ನು ಹಾದಿಗೆ ಎಳೆದುಕೊಂಡು ಹೋದ. ಅವನು ಎಂಥ ಗುರುವೆಂದು ನಿಮಗೆ ಹೇಳಬೇಕೆ?

"ನಡಿಯೋದಲ್ಲ ಕಣೇ, ಜಾರು! ಜಾರು!"

"ಜಾರ್ತಾನೇ ಇದೀನಲ್ಲ, ಬೆನ್ನ ಮೇಲೆ!"

ಚೆನ್ನಾಗಿ ಜಾರಲೆಂದು ಸ್ಕೀ ಅಡಿಗೆ ಅವನು ಯಾವ ಮೇಣ ಬಳಿದಿದ್ದನೋ, ಹಿಮವೆಲ್ಲ ಗಟ್ಟಿಯಾಗಿ ಅಂಟಿಕೊಂಡು ನಾನು ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿದವಳಂತೆ ನಿಂತಿದ್ದೆ. ಕೇಳಿದರೆ, "ಮೇಣ ಸರಿಯಾಗೇ ಇದೆ, ಇವತ್ತಿನ ಹಿಮಾನೇ ಸರಿ ಇಲ್ಲ" ಅಂದ. ನಾವಿಬ್ಬರೂ ಬೇರೆ ಬೇರೆ ದಾರಿಯಲ್ಲಿ ಮನೆ ಸೇರಿದೆವು.

ಮುಂದಿನ ಭಾನುವಾರ ಸಿಗ್ನೆ ಬಾಗಿಲಲ್ಲಿ ನಿಂತಿದ್ದಳು. "ಅಪ್ಪ ಬರಲ್ಲ ಅಂತ ಕೂತಿದಾರೆ. ನೀವು ಕಲೀದಿದ್ರೆ ನಂಗೆ ಈ ಸಲ ಈಸ್ಟರೇ ಇಲ್ಲ. ಶೂ ಹಾಕ್ಕೊಳ್ಳಿ" ಅಂದಳು. ಪ್ರೀತಿಯ ಆಹ್ವಾನವಲ್ಲ, ಆದರೆ ಆಹ್ವಾನವೇ. ಹೊರಟೆ.

ಹಾದಿಗಿಳಿದ ಕೂಡಲೇ ಅವಳು ನನ್ನ ಕೋಲುಗಳನ್ನು ಕಿತ್ತುಕೊಂಡಳು. "ಇವಿದ್ರೆ ಇವನ್ನೇ ನಂಬ್ತೀರಾ. ಮೊದಲು ಕಾಲನ್ನ ನಂಬಿ." ಬೀಳುವುದನ್ನೂ ಕಲಿಸಿದಳು: ಪಕ್ಕಕ್ಕೆ, ಕೂರುವ ಹಾಗೆ, ಏಳುವಾಗ ಮೊದಲು ಮಂಡಿಯ ಮೇಲೆ. ನಾನು ಮಗುಚಿದ ಜೀರುಂಡೆಯಂತೆ ಕಾಲು ಆಡಿಸುತ್ತಿದ್ದಾಗ ಪುಟ್ಟ ಹುಡುಗಿಯೊಬ್ಬಳು ಸರ್ರನೆ ಬಂದು ನಿಂತು, "ಅಮ್ಮಾ, ಈ ಅಜ್ಜಿ ಯಾಕೆ ಇಲ್ಲಿ ಮಲಗಿದಾರೆ?" ಎಂದು ಕೇಳಿದಳು. ಹಿಂದಿನಿಂದ ಮುದುಕಿಯೊಬ್ಬಳು "ಹಾದಿ ಬಿಡಮ್ಮಾ!" ಎಂದು ಕೂಗಿದಾಗ ನಾನು ಎಷ್ಟು ಗೌರವದಿಂದ ಬಿಟ್ಟೆನೆಂದರೆ ಸೊಂಟದವರೆಗೆ ಹಿಮದಲ್ಲಿ ಹೂತುಹೋದೆ.

ಆದರೂ ಯಾವುದೋ ಗಳಿಗೆಯಲ್ಲಿ ಮೈಭಾರವೆಲ್ಲ ಒಂದೇ ಕಾಲಿಗೆ ಬಿತ್ತು. ಹಗ್ಗ ಬಿಚ್ಚಿದ ದೋಣಿ ದಡ ಬಿಟ್ಟು ಸರಿಯುವಂತೆ ಸ್ಕೀ ತಾನಾಗಿಯೇ ಮುಂದೆ ಹೋಯಿತು. ಆಮೇಲೆ ಇನ್ನೊಂದು ಕಾಲು. ಸಿಗ್ನೆ "ಹ್ಞಾಂ, ಅದೇ!" ಅಂದಳು. ನನ್ನ ತಲೆ ತಿರುಗಿತು. ಆ ಸೊಕ್ಕಿನಲ್ಲೇ ಇಳಿಜಾರಿಗೆ ಬಂದೆ.

"ಸ್ಕೀ ಮೂತಿ ಎರಡೂ ಹತ್ತಿರ, ಹಿಂದೆ ಅಗಲ, ನೇಗಿಲಿನ ಥರ ಮಾಡ್ಕೊಂಡು ಬನ್ನಿ, ಆಗ ವೇಗ ತಗ್ಗುತ್ತೆ!" ಎಂದು ಅವಳು ಕೆಳಗೆ ಕೈಚಾಚಿ ನಿಂತಳು. ನನ್ನ ನೇಗಿಲು ಏನನ್ನೂ ಉಳಲಿಲ್ಲ. ನೇರ ಹೋಗಿ ಅವಳನ್ನೂ ಕೆಡವಿಕೊಂಡು ಹಳ್ಳಕ್ಕೆ ಬಿದ್ದೆ. ಯಾವ ಕಾಲು ಯಾರದೆಂದು ತಿಳಿಯಲಿಲ್ಲ. ಅವಳ ಭುಜ ಅಲುಗುತ್ತಿತ್ತು. ಮೂಳೆ ಮುರಿದೆನೋ ಎಂದು ಹೆದರಿದೆ. ನೋಡಿದರೆ ಹುಡುಗಿ ನಗುತ್ತಿದ್ದಾಳೆ! ನಗುತ್ತಾ ನಗುತ್ತಾ ಅಳತೊಡಗಿದಳು.

"ಅಮ್ಮನೂ ಇಲ್ಲೇ ಬೀಳ್ತಿದ್ಲು. ಪ್ರತಿ ಸಲ! ಕೊನೆಕೊನೆಗೆ ಸ್ಕೀ ಬಿಚ್ಚಿ ಹೆಗಲ ಮೇಲಿಟ್ಕೊಂಡು ನಡ್ಕೊಂಡೇ ಇಳೀತಿದ್ಲು. ಯಾರಾದ್ರೂ ಬಂದ್ರೆ ಹಕ್ಕಿ ನೋಡೋ ಹಾಗೆ ನಿಂತ್ಕೋತಿದ್ಲು."

ಅಕ್ಕಾ! ನಡುಮನೆಯಲ್ಲಿ ಎದೆಗೆ ಸ್ಕೀ ಪಂದ್ಯದ ಸಂಖ್ಯೆ ಕಟ್ಟಿಕೊಂಡ ನಿಮ್ಮ ಫೋಟೋ ಇದೆ. ಅದರ ಧೂಳು ಒರೆಸುವಾಗಲೆಲ್ಲ ನಾನು ಕುಗ್ಗಿಹೋಗುತ್ತಿದ್ದೆ. ಅದರ ಬಗ್ಗೆ ಕೇಳಿಯೇಬಿಟ್ಟೆ. "ಆ ಫೋಟೋನಾ? ಅದು ಪಂದ್ಯ ಶುರುವಾಗೋಕೆ ಮುಂಚೆ ತೆಗೆದಿದ್ದು!" ಎಂದು ಅವಳು ಮತ್ತೆ ಹಿಮಕ್ಕೆ ಒರಗಿದಳು.

ಅಲ್ಲೇ ಕೂತು ಕಂದು ಚೀಸಿನ ಬ್ರೆಡ್ಡು ತಿಂದೆವು. ಅವಳು ನಿಮ್ಮ ಬಗ್ಗೆ ಹೇಳುತ್ತಲೇ ಹೋದಳು. ನನಗೆ ನೋವಾಗುತ್ತದೆಂದು ಅಪ್ಪ ಮಗಳು, ಅವರಿಗೆ ನೋವಾಗುತ್ತದೆಂದು ನಾನು, ಇಷ್ಟು ದಿನ ಮನೆಯಲ್ಲಿ ಯಾರೂ ನಿಮ್ಮ ಹೆಸರೆತ್ತಿರಲಿಲ್ಲ. ಆ ಮೌನದಲ್ಲಿ ಅವಳು ಎಷ್ಟು ಒಂಟಿಯಾಗಿದ್ದಳೆಂದು ನನಗೆ ಆಗ ತಿಳಿಯಿತು. ಆಮೇಲಿನ ಭಾನುವಾರಗಳೆಲ್ಲ ನಮ್ಮಿಬ್ಬರವಾದವು.

ನಿನ್ನೆ ಇಲ್ಲಿಗೆ ಬಂದೆವು. ಕೊನೆಯ ಇಳಿಜಾರಿನಲ್ಲಿ ನಿಮ್ಮ ನೆರೆಯ ಏಲಿಫ್ ತನ್ನ ಮನೆಯೆದುರು ಹಿಮಸಾರಂಗದ ಚರ್ಮ ಹಾಸಿ, ಕಾಫಿ ಹಿಡಿದು ಬಿಸಿಲು ಕಾಯಿಸುತ್ತಿದ್ದ. ನಾನು ಮೇಲಿನಿಂದ ಹೊರಟಾಗ ಅವನು ಹುಬ್ಬಿಗೆ ಕೈ ಅಡ್ಡ ಹಿಡಿದು, ಆಗಲೇ ಕೆಳಗಿಳಿದಿದ್ದ ಸಿಗ್ನೆಯನ್ನು ಕೇಳಿದ್ದು ನನಗೂ ಕೇಳಿಸಿತು: "ಅದ್ಯಾರು ಸಿಗ್ನೆ, ಹಾಗೆ ಬರ್ತಿರೋದು?"

"ನಮ್ಮೋರೇ, ಏಲಿಫ್ ಮಾಮ!" ಎಂದು ನಿಮ್ಮ ಮಗಳು ಬೆಟ್ಟವೆಲ್ಲ ಕೇಳುವಂತೆ ಕೂಗಿದಳು. "ಮೊದಲು ಆ ಕಡೆ ಹೋಗಿ, ಅವರಿಗೆ ನಿಲ್ಲೋಕೆ ಬರಲ್ಲ!"

ಏಲಿಫ್ ಉಳಿದ. ಕಾಫಿ ಉಳಿಯಲಿಲ್ಲ.

ಹೊರಗೆ ಅಪ್ಪ ಮಗಳ ಮಾತು ಕೇಳಿಸುತ್ತಿದೆ, ಒಲೆ ಹೊತ್ತಿಸಬೇಕು. ಮಗಳನ್ನು ಚೆನ್ನಾಗಿ ಬೆಳೆಸಿದ್ದೀರಿ ಅಕ್ಕ. ನೀವು ಇರುವಲ್ಲಿ ನೆಮ್ಮದಿಯಾಗಿರಿ, ನಮ್ಮ ಮೂವರ ಮೇಲೂ ಒಂದು ಕಣ್ಣಿರಲಿ.

ತಂಗಿಯೆಂದು ಬರೆದುಕೊಳ್ಳುವ ಧೈರ್ಯ ಮಾಡಿರುವ,
ನಿಮ್ಮ ಓಡ್ನಿ